ಮುಂಗಡ ವೈದ್ಯಕೀಯ ನಿರ್ದೇಶನ: ಅಜ್ಜಿಗಾಗಿ ಬರೆದ ಒಂದು ಪತ್ರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಕಡೆಯ ಹಿರಿಯರು ಮುಪ್ಪಿನಲ್ಲಿ ದೇವರಲ್ಲಿ ಬೇಡುವುದು ಬಹಳವೇನೂ ಅಲ್ಲ. "ಒಬ್ಬರ ಕೈಲಿ ಮಾಡಿಸಿಕೊಳ್ಳದಂಗೆ ಕರಕೋ ಶಿವನೇ" ಎಂಬುದಿಷ್ಟೇ ಅವರ ಬೇಡಿಕೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಯಾವ ಹಳ್ಳಿಯ ಜಗಲಿಯ ಮೇಲೆ ಕುಳಿತರೂ ಈ ಮಾತು ಕಿವಿಗೆ ಬೀಳುವುದುಂಟು. ಕೇಳಿದ ನಾವು ನಕ್ಕು, "ಬಿಡಜ್ಜ, ಇನ್ನೂ ಮೊಮ್ಮಕ್ಕಳ ಮದುವೆ ನೋಡ್ಬೇಕು ನೀನು" ಎನ್ನುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ಮಾತನ್ನು ಕಾಗದದ ಮೇಲೆ ಬರೆದಿಡಬಹುದೆಂದೂ, ಕ್ರಮವಾಗಿ ಬರೆದಿಟ್ಟರೆ ಅದಕ್ಕೆ ಈ ದೇಶದ ಸರ್ವೋಚ್ಚ ನ್ಯಾಯಾಲಯದ ಮನ್ನಣೆಯುಂಟೆಂದೂ ಬಲ್ಲವರು ನಮ್ಮಲ್ಲಿ ಕಡಿಮೆ. ಎರಡು ವರ್ಷಗಳ ಹಿಂದೆ ನಾನೂ ಅರಿತಿರಲಿಲ್ಲ. ಅರಿಯದುದರ ಬೆಲೆಯನ್ನು ನಮ್ಮ ಮನೆ ತೆತ್ತಿತು.

ಅಜ್ಜನಿಗೆ ಅಡಿಕೆ ತೋಟದಲ್ಲಿಯೇ ಲಕ್ವ ಹೊಡೆಯಿತು. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಮತ್ತೊಂದು ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಉಸಿರಾಟದ ಯಂತ್ರ ಹಾಕಿದರು. ಹತ್ತೊಂಬತ್ತು ದಿವಸ ಆತ ಕಣ್ಣು ತೆರೆಯಲಿಲ್ಲ. ಮೊದಲ ವಾರ ಆಸೆಯಿದ್ದಿತು, ಎರಡನೆಯ ವಾರ ಸಾಲವಿದ್ದಿತು, ಆಮೇಲೆ ಎರಡೂ ಮುಗಿದವು. ಹಿರಿಯೂರಿನಿಂದ ಬಂದ ದೊಡ್ಡಪ್ಪನಿಗೂ, ಹೊಸದುರ್ಗದ ಸೋದರತ್ತೆಗೂ, ನಮ್ಮ ಅಪ್ಪನಿಗೂ ಅಜ್ಜ ಏನು ಹೇಳುತ್ತಿದ್ದನೆಂಬುದು ಗೊತ್ತಿದ್ದಿತು. ತೋಟ ಕಾಣುವ ಹಾಗೆ ಹಿತ್ತಿಲ ಬಾಗಿಲಲ್ಲಿ ಮಲಗಿಸಿ ಎಂದು ಆತ ಹತ್ತು ಸಲ ಹೇಳಿದ್ದ. ಆದರೆ ಮೂವರಲ್ಲಿ ಯಾರೊಬ್ಬರೂ ವೈದ್ಯರ ಮುಂದೆ ಆ ಮಾತನ್ನು ಎತ್ತಲಿಲ್ಲ. ಮೊದಲು ಎತ್ತಿದವರನ್ನು ಊರು ಏನೆಂದೀತು? ದುಡ್ಡುಳಿಸಲು ಹೆತ್ತವನನ್ನು ಕೊಂದ ಎಂದೀತು, ತೋಟದ ಮೇಲೆ ಕಣ್ಣಿದ್ದಿತು ಎಂದೀತು. ಕೊನೆಗೆ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಮುಂದಿಟ್ಟರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಎಲ್ಲರೂ ನನ್ನ ಮುಖ ನೋಡಿದರು. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತೇವೆ ಎಂಬುದು ಅದರ ಒಕ್ಕಣೆ. ಓದಿ ಹೇಳಿದೆ. ಅಪ್ಪ ಸಹಿ ಹಾಕಿದರು. ಊರು ಇನ್ನೂ ಹನ್ನೆರಡು ಮೈಲಿ ಇರುವಾಗ ಆಂಬುಲೆನ್ಸಿನಲ್ಲಿಯೇ ಅಜ್ಜ ತೀರಿಕೊಂಡ.

ಆ ಹಾಳೆಯ ಭಾಷೆ ನನ್ನನ್ನು ಬಹಳ ಕಾಲ ಕಾಡಿತು. ಆತನ ಇಷ್ಟವನ್ನು ನಡೆಸಿದವರು ನಾವು, ಆದರೆ ಸಹಿ ಹಾಕಿದ್ದು ತಪ್ಪಿತಸ್ಥರಂತೆ. ನ್ಯಾಯವಾದ ಬೇರೊಂದು ದಾರಿ ಇದ್ದಿರಲಾರದೆ ಎಂದು ಹುಡುಕುತ್ತಾ ಹೋದಾಗ ನನಗೆ ದೊರೆತ ವಿಷಯವೇ ಈ ಲೇಖನದ ವಸ್ತು.

ಈ ವಿಚಾರದ ಮೂಲವನ್ನು ಅರಸುವವರು ಅಮೆರಿಕಕ್ಕೆ ಹೋಗುವುದುಂಟು. ಅಲ್ಲಿನ ಲೂಯಿಸ್ ಕಟ್ನರ್ ಎಂಬ ವಕೀಲರು 1969 ರಲ್ಲಿ ಇಂತಹ ಪತ್ರದ ಕಲ್ಪನೆಯನ್ನು ಮುಂದಿಟ್ಟು, ಅದಕ್ಕೆ 'ಲಿವಿಂಗ್ ವಿಲ್' ಎಂಬ ಹೆಸರನ್ನು ಕೊಟ್ಟರು. 1975 ರಲ್ಲಿ ನ್ಯೂಜೆರ್ಸಿಯ ಕ್ಯಾರೆನ್ ಆನ್ ಕ್ವಿನ್ಲಾನ್ ಎಂಬ ಯುವತಿ ಪ್ರಜ್ಞೆ ತಪ್ಪಿ ಬಿದ್ದು ಮತ್ತೆ ಎಚ್ಚರಗೊಳ್ಳಲಿಲ್ಲ. ಉಸಿರಾಟದ ಯಂತ್ರವನ್ನು ತೆಗೆಯಲು ತಂದೆತಾಯಿಗಳಿಗೆ 1976 ರಲ್ಲಿ ನ್ಯಾಯಾಲಯ ಅನುಮತಿ ನೀಡಿತು. ಯಂತ್ರ ತೆಗೆದ ಮೇಲೆ ಆಕೆ ಸ್ವಂತ ಉಸಿರಿನಿಂದಲೇ 1985 ರವರೆಗೆ ಬದುಕಿದ್ದಳು! ಯಂತ್ರ ನಿಲ್ಲಿಸುವುದೂ ಕೊಲ್ಲುವುದೂ ಒಂದೇ ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು. ಇನ್ನೊಂದನ್ನು ನನ್ನ ಸಹಪಾಠಿಗಳು ಗಮನಿಸಬೇಕು. ಬಿದ್ದಾಗ ಆಕೆಯ ವಯಸ್ಸು 21. ಇದು ಮುದುಕರ ವಿಷಯವೆಂದು ಪುಟ ತಿರುವಿಹಾಕುವ ಮುನ್ನ, ಹಿರಿಯೂರಿನ ಹೆದ್ದಾರಿಯಲ್ಲಿ ಶಿರಸ್ತ್ರಾಣವಿಲ್ಲದೆ ಓಡಾಡುವ ನಮ್ಮ ತರಗತಿಯ ಮಿತ್ರರನ್ನು ಒಮ್ಮೆ ನೆನೆದುಕೊಳ್ಳಿರಿ.

ನಮ್ಮ ನಾಡಿಗೇ ಸೇರಿದ ಕಥೆಯೊಂದುಂಟು. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973 ರ ನವೆಂಬರ್ 27 ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಅಮಾನುಷ ಹಲ್ಲೆಗೆ ತುತ್ತಾಗಿ, ಮಿದುಳಿಗೆ ಪೆಟ್ಟಾಗಿ, 2015 ರ ಮೇ 18 ರಂದು ತೀರಿಕೊಳ್ಳುವವರೆಗೆ, ಎಂದರೆ ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆಕೆಗೆ ಕೃತಕವಾಗಿ ಆಹಾರ ನೀಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸರ್ವೋಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದರು. ದಶಕಗಳ ಕಾಲ ಆಕೆಯ ಆರೈಕೆ ಮಾಡಿದ ದಾದಿಯರು ಕೂಡದೆಂದರು. 2011 ರ ಮಾರ್ಚ್ 7 ರಂದು ನ್ಯಾಯಾಲಯ ಆ ಪ್ರಾರ್ಥನೆಯನ್ನು ತಳ್ಳಿಹಾಕಿತು. ಆದರೆ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯುವುದು ಕೆಲವು ಸಂದರ್ಭಗಳಲ್ಲಿ, ಉಚ್ಚ ನ್ಯಾಯಾಲಯದ ಒಪ್ಪಿಗೆಯೊಂದಿಗೆ, ನ್ಯಾಯಸಮ್ಮತವೆಂದು ಅದೇ ತೀರ್ಪಿನಲ್ಲಿ ಮೊದಲ ಬಾರಿಗೆ ಹೇಳಿತು. ಇದರಲ್ಲಿ ನನ್ನ ಮನಸ್ಸಿಗೆ ನಾಟಿದುದು ಬೇರೆ. ಎರಡು ಕಡೆಯವರೂ ಅರುಣಾರ ಹಿತೈಷಿಗಳೇ. ಆಕೆಯ ಇಚ್ಛೆ ಏನಿದ್ದಿತೆಂಬುದಕ್ಕೆ ಮಾತ್ರ ಯಾರ ಬಳಿಯೂ ಒಂದು ಚೀಟಿಯಿರಲಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಯಾರು ತಾನೇ ಬರೆದಿಟ್ಟಾರು?

ಕಾಮನ್ ಕಾಸ್ ಎಂಬ ಸಂಸ್ಥೆ 2005 ರಲ್ಲಿಯೇ ಹೂಡಿದ್ದ ದಾವೆಯ ಮೇಲೆ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2018 ರ ಮಾರ್ಚ್ 9 ರಂದು ತೀರ್ಪಿತ್ತಿತು. ಸಂವಿಧಾನದ 21 ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಘನತೆಯಿಂದ ಸಾಯುವ ಹಕ್ಕೂ ಅಡಗಿದೆಯೆಂದೂ, ವಯಸ್ಕನಾದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆಗಲಿ ಮುಂಗಡ ನಿರ್ದೇಶನ ಬರೆದಿಡಬಹುದೆಂದೂ ಅದು ಸಾರಿತು. ಆದರೆ ಹಕ್ಕನ್ನು ಕೊಟ್ಟ ಕೈಯೇ ಅದರ ಸುತ್ತ ಬೇಲಿಯನ್ನೂ ಕಟ್ಟಿತು. ಪತ್ರಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮೇಲುಸಹಿ, ಇಪ್ಪತ್ತು ವರ್ಷ ಅನುಭವವುಳ್ಳ ತಜ್ಞರ ಮಂಡಲಿ, ಜಿಲ್ಲಾಧಿಕಾರಿಗಳು ನೇಮಿಸುವ ಎರಡನೆಯ ಮಂಡಲಿ, ಹೀಗೆ. ಆ ಬೇಲಿಯನ್ನು ದಾಟಿದವರು ಅಪರೂಪ. ಆದುದರಿಂದ 2023 ರ ಜನವರಿ 24 ರಂದು ನ್ಯಾಯಾಲಯವೇ ನಿಯಮಗಳನ್ನು ಸಡಿಲಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025 ರ ಜನವರಿ 30 ರಂದು ಸುತ್ತೋಲೆ ಹೊರಡಿಸಿ, ಇದನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಕ್ರಮ ಕೈಗೊಂಡಿತು.

ಆಗ ಪತ್ರಿಕೆಗಳಲ್ಲಿ ಕಂಡ ಹೆಸರು ಎಚ್.ಬಿ. ಕರಿಬಸಮ್ಮನವರದು. ದಾವಣಗೆರೆಯ ಈ ನಿವೃತ್ತ ಶಿಕ್ಷಕಿ ಘನತೆಯ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಗಳಿಗೆ ಪತ್ರ ಬರೆಯುತ್ತಲೇ ಬಂದವರು. ದಾವಣಗೆರೆ 1997 ರವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತೆಂಬುದನ್ನು ನೆನೆದರೆ, ಈ ಹೋರಾಟ ದೂರದ ಮಾತೇನೂ ಅಲ್ಲ. ಶಾಲೆಯ ಮೇಷ್ಟರಮ್ಮನೊಬ್ಬರು ದೇಶದ ದೊಡ್ಡ ದೊಡ್ಡ ಕಚೇರಿಗಳಿಗೆ ಹಟ ಬಿಡದೆ ಕಾಗದ ಬರೆದುದನ್ನು ಓದಿದಾಗ ನನಗೆ ಧೈರ್ಯ ಬಂದಿತು.

ಈ ಹಕ್ಕಿಗೆ 'ದಯಾಮರಣ' ಎಂಬ ಹೆಸರನ್ನು ಅಂಟಿಸುವುದು ಸರಿಯಲ್ಲ. ವಿಷದ ಚುಚ್ಚುಮದ್ದು ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧವೇ. ಇಲ್ಲಿ ಕೇಳುತ್ತಿರುವುದು ಕಾಯಿಲೆ ತನ್ನ ದಾರಿಯಲ್ಲಿ ನಡೆಯುವಾಗ ಅಡ್ಡಗಟ್ಟಿ ಎಳೆದಾಡಬೇಡಿರಿ ಎಂಬುದಿಷ್ಟೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಸಮಾಧಿಮರಣವನ್ನು ಕೈಕೊಂಡ ಎಷ್ಟೋ ಮುನಿಗಳ, ಕಂತಿಯರ ಹೆಸರುಗಳಿವೆಯಷ್ಟೆ. ಅದು ವ್ರತ, ಇದು ಚಿಕಿತ್ಸೆಯ ಮಾತು, ಎರಡನ್ನೂ ಬೆರೆಸಬಾರದು. ಆದರೂ ಸಾವಿನ ಸಮಯದಲ್ಲಿ ಮನುಷ್ಯನಿಗೆ ತನ್ನದೇ ಆದ ಒಂದು ಮಾತಿರಬೇಕೆಂಬುದು ಈ ನೆಲಕ್ಕೆ ಹೊರಗಿನಿಂದ ಬಂದ ವಿಚಾರವಲ್ಲವೆಂದು ತೋರಿಸಲು ಆ ಕಲ್ಲುಗಳು ಸಾಕು.

ಇನ್ನು ಪತ್ರ ಬರೆದ ಕಥೆ. ಅಜ್ಜನ ವರ್ಷಾಬ್ದಿಕದ ಮರುದಿನ ಅಜ್ಜಿ ನನ್ನನ್ನು ಕರೆದು, "ನಿಮ್ಮಜ್ಜನಿಗಾದಂಗೆ ನನಗಾಗೋದು ಬ್ಯಾಡ ಕಣವ್ವ. ಅದೇನು ಬರೀಬೇಕೋ ಬರಿ, ಹೆಬ್ಬೆಟ್ಟು ಒತ್ತುತೀನಿ" ಎಂದಳು. ನಾನು ಒಂದೇ ಉಸುರಿಗೆ ಬರೆದ ಮೊದಲ ಕರಡು ಹೀಗಿದ್ದಿತು: ನನಗೆ ಉಸಿರಾಟದ ಯಂತ್ರ ಹಾಕಕೂಡದು. ಅದನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿದೆ. ಅವರು ಓದಿ, "ನಾಳೆ ನಿಮ್ಮಜ್ಜಿಗೆ ತೋಟದಲ್ಲಿ ನಾಗರಹಾವು ಕಚ್ಚಿದರೆ?" ಎಂದು ಕೇಳಿದರು. ನಾಗರನ ವಿಷ ಉಸಿರಾಡುವ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ. ಪ್ರತಿವಿಷ ಕೊಟ್ಟು ಕೆಲವು ದಿವಸ ಯಂತ್ರದ ಆಸರೆಯಲ್ಲಿಟ್ಟರೆ ಬದುಕಿ, ಎದ್ದು ಮನೆಗೆ ನಡೆದು ಬರಬಹುದು. ನನ್ನ ಕರಡಿನ ಪ್ರಕಾರ ಅಜ್ಜಿ ಸುಮ್ಮನೆ ಸಾಯಬೇಕಾಗುತ್ತಿತ್ತು! ಯಂತ್ರ ಶತ್ರುವಲ್ಲ, ಯಾವ ಸ್ಥಿತಿಯಲ್ಲಿ ಯಂತ್ರ ಬೇಡ ಎಂಬುದೇ ಪತ್ರದ ಜೀವಾಳವೆಂದು ಅಂದು ನನಗೆ ತಿಳಿಯಿತು. ಬರೆದುದು ಅಸ್ಪಷ್ಟವಾಗಿದ್ದರೆ ವೈದ್ಯಮಂಡಲಿ ಅದನ್ನು ಜಾರಿಗೆ ತರತಕ್ಕದ್ದಲ್ಲವೆಂದು ತೀರ್ಪಿನಲ್ಲಿಯೇ ಇದೆ.

ಮೂರನೆಯ ಕರಡು ಸರಿಹೋಯಿತು. ಅದರ ಸಾರಾಂಶವಿಷ್ಟು: ನನಗೆ ವಾಸಿಯಾಗದ ಕಾಯಿಲೆ ಬಂದು, ಚೇತರಿಕೆಯ ಭರವಸೆಯಿಲ್ಲವೆಂದು ವೈದ್ಯಮಂಡಲಿಗಳು ನಿರ್ಣಯಿಸಿ, ಆ ವೇಳೆಗೆ ತೀರ್ಮಾನ ಹೇಳುವ ಶಕ್ತಿ ನನಗೆ ಉಳಿದಿಲ್ಲವಾದರೆ, ಸಾವನ್ನು ಮುಂದೂಡುವುದಷ್ಟನ್ನೇ ಮಾಡುವ ಚಿಕಿತ್ಸೆಯನ್ನು ಪ್ರಾರಂಭಿಸಬಾರದು, ಪ್ರಾರಂಭಿಸಿದ್ದರೆ ನಿಲ್ಲಿಸಬೇಕು. ಇದರ ಕೆಳಗೆ ಉಸಿರಾಟದ ಯಂತ್ರ, ಡಯಾಲಿಸಿಸ್, ನಿಂತ ಹೃದಯವನ್ನು ಎದೆಯೊತ್ತಿ ಮರಳಿ ನಡೆಸುವುದು ಎಂದು ಹೆಸರು ಹಿಡಿದು ಬರೆದೆವು. ನೋವು ಕಳೆಯುವ ಮದ್ದು, ಮೈ ಒರೆಸಿ ಶುಚಿಯಾಗಿಡುವುದು, ಬಾಯಿ ಒಣಗದಂತೆ ನೀರು ಹನಿಸುವುದು, ಇವನ್ನು ಮಾತ್ರ ಕೊನೆಯವರೆಗೂ ಬಿಡಕೂಡದೆಂಬುದು ಅಜ್ಜಿಯೇ ಸೇರಿಸಿದ ಸಾಲು. ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲವೆಂದು ಉಪಶಾಮಕ ವೈದ್ಯದವರು ಹೇಳುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವುದು ಈ ತತ್ತ್ವದ ಮೇಲೆಯೇ. ನಮ್ಮ ಅಜ್ಜಿ ಅದನ್ನು ಯಾರಿಂದಲೂ ಕೇಳಿರಲಿಲ್ಲ.

ಪತ್ರದಲ್ಲಿ ಬೇರೆ ಕೆಲವು ಅಂಶಗಳೂ ಇರಬೇಕು. ಇದರ ಪರಿಣಾಮವನ್ನು ತಿಳಿದೇ, ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದೇನೆಂಬ ಮಾತು, ಯಾವಾಗ ಬೇಕಾದರೂ ರದ್ದುಪಡಿಸಬಹುದೆಂಬ ಮಾತು, ತನಗೆ ಮಾತು ನಿಂತಾಗ ತನ್ನ ಪರವಾಗಿ ಒಪ್ಪಿಗೆ ಕೊಡಬೇಕಾದ ನಂಬಿಕಸ್ಥರ ಹೆಸರುಗಳು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸುವುದು ಒಳ್ಳೆಯದು. ನಮ್ಮಲ್ಲಿ ಜಗಳ ಹುಟ್ಟಿದುದು ಇಲ್ಲಿಯೇ. ಅಜ್ಜಿ ಹಿರಿಯ ಮಗನನ್ನು ಬಿಟ್ಟು ಸೋದರತ್ತೆಯ ಹೆಸರನ್ನೂ ನನ್ನ ಹೆಸರನ್ನೂ ಹೇಳಿದಳು. "ಗಂಡುಮಕ್ಕಳು ಊರಿಗೆ ಹೆದರ್ತಾರೆ" ಎಂಬುದು ಆಕೆಯ ಕಾರಣ. ದೊಡ್ಡಪ್ಪ ಒಂದು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಸಾಲದುದಕ್ಕೆ ಕನ್ನಡದಲ್ಲಿ ಇದನ್ನು 'ಜೀವಂತ ಉಯಿಲು' ಎಂದೂ ಕರೆಯುವುದರಿಂದ, ಮುದುಕಿ ತೋಟವನ್ನೆಲ್ಲ ಮೊಮ್ಮಗಳ ಹೆಸರಿಗೆ ಬರೆಯುತ್ತಿದ್ದಾಳೆಂದು ಊರಲ್ಲಿ ಸುದ್ದಿಯಾಯಿತು. ಅಂದಿನಿಂದ ನಾನು 'ಉಯಿಲು' ಎಂಬ ಮಾತನ್ನೇ ಬಿಟ್ಟಿದ್ದೇನೆ. ಇದರಲ್ಲಿ ಆಸ್ತಿಯ ಮಾತು ಎಳ್ಳಷ್ಟೂ ಇಲ್ಲ.

ಸಹಿಯ ಕ್ರಮ ಹೀಗಿದೆ. ಬರೆಸುವವರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಬೇಕು. ಓದು ಬರಹ ಬಾರದವರ ಹೆಬ್ಬೆಟ್ಟನ್ನೂ ನಮ್ಮ ಕಾನೂನು ಸಹಿಯೆಂದೇ ಎಣಿಸುತ್ತದೆ. ಸಾಕ್ಷಿಗಳು ಮನೆಯವರಲ್ಲದಿದ್ದರೆ ಲೇಸು. ಅನಂತರ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಬೆರಳಚ್ಚಿನ ಅಂಗಡಿಯವರು ಛಾಪಾಕಾಗದ ಬೇಕೇಬೇಕೆಂದು ಹೆದರಿಸಿದರು. ತೀರ್ಪಿನಲ್ಲಿ ಅಂತಹ ಷರತ್ತಿಲ್ಲ. ಗೆಜೆಟೆಡ್ ಅಧಿಕಾರಿಗಳನ್ನು ಹುಡುಕಿಕೊಂಡು ನಾವು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದುದೂ ಇಲ್ಲ. ನಮ್ಮ ಅಂಕಪಟ್ಟಿಯ ನಕಲುಗಳಿಗೆ ಹಸಿರು ಶಾಯಿಯಲ್ಲಿ ಸಹಿ ಹಾಕುವ ಅಧ್ಯಾಪಕರು ಮತ್ತಾರು? ನೆರೆಮನೆಯ ಇಬ್ಬರು ಸಾಕ್ಷಿಗಳೊಂದಿಗೆ ಅಜ್ಜಿಯನ್ನು ಬಸ್ಸಿನಲ್ಲಿ ದುರ್ಗಕ್ಕೆ ಕರೆತಂದೆ. ಗುರುಗಳು ಪತ್ರವನ್ನು ಓದಿ, ನನ್ನನ್ನು ಕೊಠಡಿಯಿಂದ ಹೊರಗೆ ಕಳುಹಿಸಿ ಬಾಗಿಲು ಮುಂದೆಮಾಡಿದರು. ಬರೆಸುವವರು ಸ್ವಂತ ಇಚ್ಛೆಯಿಂದ, ಅರ್ಥ ತಿಳಿದು ಬರೆಸುತ್ತಿದ್ದಾರೆಂದು ಅಧಿಕಾರಿಗೆ ಮನದಟ್ಟಾಗಬೇಕೆಂಬುದೇ ನಿಯಮ. ಅಷ್ಟು ಹೊತ್ತು ಹೊರಗೆ ನಿಂತಿದ್ದಾಗ ನನಗೆ ಸ್ವಲ್ಪ ಅಪಮಾನವೇ ಆಯಿತೆನ್ನಬೇಕು. ಈಗ ಯೋಚಿಸಿದರೆ, ಮೊಮ್ಮಗಳನ್ನೂ ನಂಬದೆ ಅಜ್ಜಿಯನ್ನೇ ಕೇಳಿದುದು ಆಕೆಗೆ ಸಂದ ದೊಡ್ಡ ಮರ್ಯಾದೆ.

ಪತ್ರ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೆಸರಿಸಿದವರಿಗೂ, ಮನೆಯ ವೈದ್ಯರಿದ್ದರೆ ಅವರಿಗೂ ಒಂದೊಂದು ಪ್ರತಿ ಕೊಡಬೇಕು. ಸ್ಥಳೀಯ ಸಂಸ್ಥೆಗೆ, ಎಂದರೆ ಊರಿಗೆ ತಕ್ಕಂತೆ ಪುರಸಭೆಗೋ ಗ್ರಾಮ ಪಂಚಾಯಿತಿಗೋ ಒಂದು ಪ್ರತಿ ಒಪ್ಪಿಸಬೇಕು. ಅಲ್ಲಿ ಅದನ್ನು ಕಾಪಾಡಲು ಒಬ್ಬ ಅಧಿಕಾರಿಯನ್ನು ನೇಮಿಸತಕ್ಕದ್ದೆಂದು ನ್ಯಾಯಾಲಯ ವಿಧಿಸಿದೆ. ನಾವು ಹೋದ ಕಚೇರಿಯಲ್ಲಿ ಈ ಹೆಸರನ್ನೇ ಯಾರೂ ಕೇಳಿರಲಿಲ್ಲ. ಯಾವ ಯೋಜನೆಯ ಅರ್ಜಿ ಇದು, ಎಷ್ಟು ಸಹಾಯಧನ ಬರುತ್ತದೆ ಎಂದು ವಿಚಾರಿಸಿದರು! ಮೂರು ಸಲ ತಿರುಗಿ, ತೀರ್ಪಿನ ಪ್ರತಿ ತೋರಿಸಿದ ಮೇಲೆ ಮೊಹರು ಹಾಕಿ ಸ್ವೀಕೃತಿ ಕೊಟ್ಟರು. ಇಚ್ಛೆಯುಳ್ಳವರು ತಮ್ಮ ಡಿಜಿಟಲ್ ಆರೋಗ್ಯ ದಾಖಲೆಯಲ್ಲಿಯೂ ಸೇರಿಸಬಹುದು. ಮೂಲಪತ್ರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಂತೂ ತರವಲ್ಲ. ಅದು ಹದಿಮೂರನೆಯ ದಿನ ಹೊರಬಂದು ಯಾರಿಗೇನು ಪ್ರಯೋಜನ? ಅಜ್ಜಿಯದು ಪಡಿತರ ಚೀಟಿಯ ಜೊತೆಯಲ್ಲಿ, ದೇವರ ಗೂಡಿನಲ್ಲಿದೆ. ನನ್ನ ಮತ್ತು ಸೋದರತ್ತೆಯ ಮೊಬೈಲಿನಲ್ಲಿ ಅದರ ಚಿತ್ರವಿದೆ.

ಆಸ್ಪತ್ರೆಯಲ್ಲಿ ಅದು ಜಾರಿಗೆ ಬರುವ ಬಗೆ: ಚಿಕಿತ್ಸೆ ನೀಡುತ್ತಿರುವ ವೈದ್ಯರು ಪತ್ರ ನಿಜವಾದುದೆಂದು ಖಚಿತಪಡಿಸಿಕೊಳ್ಳುತ್ತಾರೆ. ಅವರೂ, ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಸೇರಿದ ಪ್ರಾಥಮಿಕ ಮಂಡಲಿ ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ಕೊಡುತ್ತದೆ. ಮೊದಲಿನವರಾರೂ ಇಲ್ಲದ ಎರಡನೆಯ ಮಂಡಲಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳು ನಾಮಕರಣ ಮಾಡಿದ ಒಬ್ಬ ವೈದ್ಯರು, ಅಷ್ಟೇ ಅವಧಿಯಲ್ಲಿ ಅದನ್ನು ಪರಿಶೀಲಿಸುತ್ತದೆ. ಹೆಸರಿಸಿದವರ ಒಪ್ಪಿಗೆ ಪಡೆದು, ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಅನಂತರವೇ ಚಿಕಿತ್ಸೆಯನ್ನು ಹಿಂತೆಗೆಯುವುದು. ಮಂಡಲಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯವಿದೆ. ಮಾತನಾಡಬಲ್ಲ ರೋಗಿಯನ್ನು ಬಿಟ್ಟು ಪತ್ರವನ್ನು ಕೇಳುವ ಪ್ರಶ್ನೆಯೇ ಏಳುವುದಿಲ್ಲ.

ಪತ್ರವಿಲ್ಲದವರ ಗತಿ? ಇದನ್ನು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಪತ್ರವಿಲ್ಲದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಇದೇ ಎರಡು ಮಂಡಲಿಗಳ ದಾರಿಯಲ್ಲಿ ನಡೆಯಬಹುದೆಂದು ಅದೇ ತೀರ್ಪು ಹೇಳುತ್ತದೆ. ಎಂದರೆ ನಮ್ಮ ಅಜ್ಜನಿಗೂ ದಾರಿಯಿದ್ದಿತು. ಅಪ್ಪ ಆ ಹಾಳೆಗೆ ಸಹಿ ಹಾಕಬೇಕಾಗಿರಲಿಲ್ಲ. ಇದನ್ನು ನಾನು ಅಪ್ಪನಿಗೆ ಇಂದಿಗೂ ಹೇಳಿಲ್ಲ.

ಇನ್ನೊಂದು ಮಾತನ್ನು ಸೇರಿಸಬೇಕು. 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿಯೂ ಮುಂಗಡ ನಿರ್ದೇಶನವೆಂಬುದೊಂದಿದೆ. ಮನೋರೋಗದ ಸಂದರ್ಭದಲ್ಲಿ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ ಎಂದು ಬರೆದಿಡುವುದು ಅದು. ಹೆಸರು ಒಂದಾದರೂ ಪತ್ರ ಬೇರೆ, ಕ್ರಮವೂ ಬೇರೆ.

ಕಳೆದ ದೀಪಾವಳಿಯಲ್ಲಿ ಅಜ್ಜಿ ಪತ್ರವನ್ನು ಮತ್ತೊಮ್ಮೆ ಓದಿಸಿಕೊಂಡು ಕೇಳಿದಳು. ದೊಡ್ಡಪ್ಪನೂ ಅಲ್ಲಿದ್ದರು. ಎಲ್ಲ ಕೇಳಿ ಮುಗಿದ ಮೇಲೆ, "ಅವನ ಹೆಸರೂ ಹಾಕವ್ವ, ಈಗ ಹೆದರಲ್ಲ ಅನ್ಸುತ್ತೆ" ಎಂದಳು. ದೊಡ್ಡಪ್ಪ ಎದ್ದು ಹಿತ್ತಿಲ ಕಡೆಗೆ ಹೋದರು. ಪತ್ರವನ್ನು ಬದಲಾಯಿಸುವುದಕ್ಕೂ ಲಿಖಿತವೇ ಆಗಬೇಕು, ಸಾಕ್ಷಿಗಳು, ಅಧಿಕಾರಿ, ಪಂಚಾಯಿತಿ ಎಲ್ಲವೂ ಮೊದಲಿನಂತೆಯೇ. ಒಂದಕ್ಕಿಂತ ಹೆಚ್ಚು ಪತ್ರಗಳಿದ್ದರೆ ಕೊನೆಯದೇ ಊರ್ಜಿತ. ಅಡಿಕೆ ಸುಗ್ಗಿ ಮುಗಿದ ಮೇಲೆ ಅಜ್ಜಿಯನ್ನು ಮತ್ತೆ ದುರ್ಗಕ್ಕೆ ಕರೆದುಕೊಂಡು ಬರಬೇಕಾಗಿದೆ. ಈ ಸಲ ಬಸ್ಸು ಬೇಡ, ತಾನೇ ಕಾರು ಮಾಡಿಕೊಂಡು ಬರುವುದಾಗಿ ದೊಡ್ಡಪ್ಪ ಹೇಳಿಕಳುಹಿಸಿದ್ದಾರೆ.